ಡೋರತಿಯ ಅಪ್ಪ ಬೆಂಗಳೂರಿನಲ್ಲಿ ಆಡಿದ ಆಟ

ಶೋರ್‌ಲೈನ್

ಬೆಂಗಳೂರಿನಲ್ಲಿ ಯಾರನ್ನಾದರೂ ನಿಲ್ಲಿಸಿ ದಾರಿ ಕೇಳಿ ನೋಡಿ. ‘ಗೊತ್ತಿಲ್ಲ’ ಎನ್ನುವ ಪುಣ್ಯಾತ್ಮ ಸಿಗುವುದು ಕಷ್ಟ. ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ದಾಕ್ಷಿಣ್ಯಕ್ಕೆ ಎಡಕ್ಕೋ ಬಲಕ್ಕೋ ಕೈ ತೋರಿಸಿಯೇ ಬಿಡುತ್ತಾರೆ. ನಾವೂ ಆ ಕಡೆ ನಡೆದು, ಮುಂದಿನ ತಿರುವಿನಲ್ಲಿ ಇನ್ನೊಬ್ಬರನ್ನು ಕೇಳುತ್ತೇವೆ. ಇದರಿಂದ ಯಾರಿಗೂ ದೊಡ್ಡ ನಷ್ಟವಾದದ್ದನ್ನು ನಾನು ಕಂಡಿಲ್ಲ. ಆದರೆ ಇದೇ ಗುಣವನ್ನು ಸಮುದ್ರ ದಾಟಿಸಿಕೊಂಡು ಹೋದರೆ ಏನಾಗುತ್ತದೆ ಎನ್ನುವುದು ಸಿಯಾಟಲ್‌ಗೆ ಹೋದ ಮೇಲೆ ಗೊತ್ತಾಯಿತು.

ಸಿಯಾಟಲ್‌ಗೆ ಅಂಟಿಕೊಂಡಂತೆ ಇರುವ ಶೋರ್‌ಲೈನ್‌ನಲ್ಲಿ ನನ್ನ ತಂಗಿ ವಿಮಲ ಇದ್ದಾಳೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಇತರರ ತಪ್ಪು ಹುಡುಕುವುದಕ್ಕೇ ಸಂಬಳ ಕೊಡುತ್ತಾರಂತೆ. ಚಿಕ್ಕಂದಿನಲ್ಲಿ ಇದೇ ಕೆಲಸವನ್ನು ನನ್ನ ಮೇಲೆ ಪುಕ್ಕಟೆ ಮಾಡುತ್ತಿದ್ದಳು. ನಾನು ಹಲಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರಾಗಿದ್ದವಳು. ಬಿಸಿಲಲ್ಲಿ ನಿಂತು ಸೀಟಿ ಊದಿ ಊದಿ ನನ್ನ ದನಿ ಜೋರು, ಸಿಟ್ಟೂ ಅದಕ್ಕೆ ತಕ್ಕಷ್ಟು ಜೋರು. ನಿವೃತ್ತಿಯಾದ ಮೇಲೆ ಬಾ ಬಾ ಎಂದು ವಿಮಲ ಪೀಡಿಸುತ್ತಲೇ ಇದ್ದಳು. ಕೊನೆಗೆ ಹುಳಿಪುಡಿ, ಚಟ್ನಿಪುಡಿ, ಕೋಡುಬಳೆಗಳ ಭಾರ ಹೊತ್ತು ಹೊರಟೆ.

ವಿಮಾನ ನಿಲ್ದಾಣದಿಂದ ಬರುವಾಗ ಮನೆಯ ಹತ್ತಿರ ಒಂದು ನಾಲ್ಕು ದಾರಿಯ ಕೂಡುರಸ್ತೆ. ಸಿಗ್ನಲ್ಲೂ ಇಲ್ಲ, ಪೊಲೀಸೂ ಇಲ್ಲ. ನಾಲ್ಕು ಕಡೆಯಿಂದಲೂ ಕಾರುಗಳು ಬಂದವು, ನಾಲ್ಕೂ ನಿಂತವು. ಎದುರಿನವನು ನಮಗೆ ‘ಹೋಗಿ’ ಎಂದು ಕೈ ಬೀಸಿದ. ವಿಮಲ ಬಲಗಡೆಯವಳಿಗೆ ಕೈ ಬೀಸಿದಳು. ಅವಳು ಎಡಗಡೆಯವನಿಗೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ‘ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ’ ಎಂದು ಬೀಗರು ಬೀಗರು ಉಪಚಾರ ಮಾಡಿಕೊಳ್ಳುವ ಹಾಗೆ ಎಲ್ಲರೂ ನಗುತ್ತಾ ನಿಂತೇ ಇದ್ದರು. ನಮ್ಮ ಹಲಸೂರಿನ ಒಬ್ಬ ಆಟೋದವನು ಸಾಕಿತ್ತು, ಈ ಕಗ್ಗಂಟನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸುತ್ತಿದ್ದ.

ಆ ನಿಂತ ಹೊತ್ತಿನಲ್ಲೇ ವಿಮಲ ಬಾಯಿ ಬಿಟ್ಟಳು.

“ಅಕ್ಕಾ, ಒಂದ್ ಸಣ್ ವಿಷ್ಯ. ಪಕ್ಕದ ಮನೇಲಿ ಡೋರತಿ ಅಂತ ಇದಾರೆ. ಇಂಗ್ಲೆಂಡಿನೋರು, ಎಂಬತ್ತು ಹತ್ರ ಬಂತು. ಅವ್ರಪ್ಪ ಫುಟ್‌ಬಾಲ್ ಪ್ಲೇಯರ್ ಅಂತೆ. ವರ್ಲ್ಡ್ ವಾರ್ ಟೈಮಲ್ಲಿ ಸೋಲ್ಜರಾಗಿ ಬೆಂಗಳೂರಲ್ಲಿ ಇದ್ರಂತೆ.”

“ಇರ್ಲಿ, ಅದಕ್ಕೇನೀಗ?”

“ನಮ್ಮಪ್ಪಾನೂ ಆಗ ಸೋಲ್ಜರ್ಸ್ ಟೀಮ್ ಜೊತೆ ಆಡ್ತಿದ್ರಲ್ಲ... ನಮ್ಮಪ್ಪಂಗೆ ಅವ್ರಪ್ಪ ಗೊತ್ತಿತ್ತಾ ಅಂತ ಡೋರತಿ ಕೇಳಿದ್ರು. ನಾನು ಹೂಂ ಅಂದ್‌ಬಿಟ್ಟೆ. ನಮ್ಮಕ್ಕ ಬರ್ತಾಳೆ, ಅವಳಿಗೆ ಎಲ್ಲಾ ಗೊತ್ತು ಅಂತಾನೂ ಅಂದೆ.”

“ನನಗೇನೇ ಗೊತ್ತು?”

“ಏನೋ ಒಂದ್ ಹೇಳಕ್ಕ. ಪಾಪ, ಎಷ್ಟ್ ಆಸೆಯಿಂದ ಕೇಳಿದ್ರು ಗೊತ್ತಾ? ಇಲ್ಲ ಅನ್ನಕ್ಕೆ ಮನಸ್ಸಾಗ್ಲಿಲ್ಲ.”

ನಮ್ಮಪ್ಪ ಆಡುತ್ತಿದ್ದದ್ದು ನಿಜ. ಹಗಲು ಕಾರ್ಖಾನೆಯಲ್ಲಿ ಫಿಟ್ಟರ್, ಸಂಜೆ ಕೆಮ್ಮಣ್ಣಿನ ಮೈದಾನದಲ್ಲಿ ಎಡ ಅಂಚಿನಲ್ಲಿ ಓಡುವ ಲೆಫ್ಟ್ ಔಟ್. ದಂಡಿನ ಸೋಲ್ಜರುಗಳ ಕಥೆಗಳನ್ನೂ ಹೇಳುತ್ತಿದ್ದರು. ಆದರೆ ಅವರ ಬಾಯಲ್ಲಿ ಯಾವ ಸೋಲ್ಜರಿಗೂ ಹೆಸರಿರಲಿಲ್ಲ. ಒಬ್ಬ ಉದ್ದಪ್ಪ, ಒಬ್ಬ ಕೆಂಪುಮೂಗ, ಇನ್ನೊಬ್ಬ ಬಾಯಿಬಡುಕ. ಇವರಲ್ಲಿ ಡೋರತಿಯ ಅಪ್ಪ ಯಾರು, ಅಥವಾ ಇವರಲ್ಲಿ ಅವರು ಇದ್ದರೇ ಇಲ್ಲವೇ, ನನಗೆ ಹೇಗೆ ಗೊತ್ತಾಗಬೇಕು?

ಮರುದಿನ ಬೆಳಿಗ್ಗೆಯೇ ಡೋರತಿ ಬೇಲಿಯ ಆಚೆಯಿಂದ ಕೈಯೆತ್ತಿದರು. ಎತ್ತರದ ಹೆಂಗಸು, ಬೆಳ್ಳಿ ಕೂದಲು, ಮೈಮೇಲೆ ಫುಟ್‌ಬಾಲ್ ಜೆರ್ಸಿ. ಜಿಟಿಜಿಟಿ ಮಳೆ ಬರುತ್ತಿತ್ತು. ಇಲ್ಲಿನವರು ಕೊಡೆ ಹಿಡಿಯುವುದನ್ನು ಅವಮಾನವೆಂದೇ ತಿಳಿದಿದ್ದಾರೆ. ಕೊಡೆ ಬಿಚ್ಚಿದವಳು ನಾನೊಬ್ಬಳೇ. ಅವರು ಒಳಗೆ ಕರೆದು ಹಾಲು ಹಾಕಿದ ಕಡುಗಂದು ಬಣ್ಣದ ಟೀ ಕೊಟ್ಟರು. ಬಿಸಿನೀರಿಗೆ ಪೊಟ್ಟಣ ಅದ್ದಿ ತೆಗೆದು ಅದನ್ನು ಟೀ ಎನ್ನುವ ಅಮೆರಿಕನ್ನರನ್ನು ಇಬ್ಬರೂ ಸೇರಿ ಮನಸಾರೆ ಬೈದೆವು. ಅಲ್ಲಿಗೆ ಸ್ನೇಹವಾಯಿತು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅವರ ಅಪ್ಪ ಆರ್ಥರ್, ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿನವರು. ಹತ್ತೊಂಬತ್ತಕ್ಕೇ ಊರಿನ ದೊಡ್ಡ ತಂಡಕ್ಕೆ ಸೇರಿದರು. ಮೊದಲ ಪಂದ್ಯದಲ್ಲೇ ಗೋಲು. ಅಷ್ಟರಲ್ಲಿ ಯುದ್ಧ ಸಾರಿದರು. ಪಂದ್ಯಾವಳಿ ರದ್ದಾಯಿತು, ಅದುವರೆಗೆ ಆಡಿದ ಆಟವನ್ನೆಲ್ಲ ದಾಖಲೆಯಿಂದ ಅಳಿಸಿಹಾಕಿದರು. ಆರ್ಥರ್ ಸೈನ್ಯ ಸೇರಿ ಬೆಂಗಳೂರಿಗೆ ಬಂದರು, ಅಲ್ಲಿಂದ ಬರ್ಮಾ ಗಡಿಗೆ ಹೋಗಿ ಮೊಣಕಾಲು ಹಾಳುಮಾಡಿಕೊಂಡರು. ಊರಿಗೆ ಮರಳಿದಾಗ ಕುಂಟುವ ಆಟಗಾರ ಯಾರಿಗೆ ಬೇಕು? ಉಳಿದ ಬದುಕೆಲ್ಲ ಬಸ್ ಓಡಿಸಿದರು.

“ಅವರ ಬಾಯಲ್ಲಿ ಒಂದೇ ಮಾತು,” ಎಂದರು ಡೋರತಿ. “ನನ್ನ ಜೀವನದ ಅತ್ಯುತ್ತಮ ಆಟ ಆಡಿದ್ದು ಬ್ಯಾಂಗಲೋರಿನಲ್ಲಿ ಅಂತ. ಎಲ್ಲರೂ ನಗುತ್ತಿದ್ದರು. ನಮ್ಮೂರಿನಲ್ಲಿ ಪ್ರತಿಯೊಬ್ಬ ಬಸ್ ಡ್ರೈವರನೂ ಇನ್ನೇನು ದೊಡ್ಡ ಆಟಗಾರ ಆಗಿಬಿಡುತ್ತಿದ್ದವನೇ. ಅಮ್ಮನೂ ನಗುತ್ತಿದ್ದಳು. ಒಂದು ವಯಸ್ಸಿನಲ್ಲಿ ನಾನೂ ನಕ್ಕೆ.” ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. “ನೋಡಿದವರ ಕಡೆಯವರು ಅಂತ ಈ ಜನ್ಮದಲ್ಲಿ ಸಿಕ್ಕಿದ್ದು ನೀವೊಬ್ಬರೇ. ನಿಜ ಹೇಳಿ, ಅವರು ಚೆನ್ನಾಗಿ ಆಡುತ್ತಿದ್ದರಾ?”

ಪ್ರಯಾಣದ ಆಯಾಸ, ತಲೆ ಸುತ್ತುತ್ತಿದೆ, ನಿಧಾನವಾಗಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

“ಅವಸರವಿಲ್ಲ. ಶನಿವಾರ ಡುವಾಲ್ ಅನ್ನುವ ಊರಿನಲ್ಲಿ ನಮ್ಮ ಮ್ಯಾಚ್ ಇದೆ, ಬನ್ನಿ. ಅಲ್ಲೇ ಎಲ್ಲರ ಮುಂದೆ ಹೇಳಿ. ನಮ್ಮ ಟೀಮಿನವರಿಗೆಲ್ಲ ನೀವು ಬರುತ್ತೀರೆಂದು ತಿಳಿಸಿಬಿಟ್ಟಿದ್ದೇನೆ,” ಎಂದರು.

ಮನೆಗೆ ಬಂದವಳೇ ವಿಮಲಳಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದು ಬೇಡ.

ಯೂನಿವರ್ಸಿಟಿ ಡಿಸ್ಟ್ರಿಕ್ಟ್

ಪ್ರಾಯಶ್ಚಿತ್ತವಾಗಿ ವಿಮಲ ನನ್ನನ್ನು ಮಗಳು ಅನಘಾಳ ಹತ್ತಿರ ಕರೆದೊಯ್ದಳು. ಅನಘಾ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಹುಡುಕಿ ತೆಗೆಯುತ್ತಾಳೆಂಬುದು ತಾಯಿಯ ಹೆಮ್ಮೆ.

ಬಸ್ಸಿನಲ್ಲಿ ಹೋಗಿ ರೈಲು ಹಿಡಿದೆವು. ಇಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ‘ಥ್ಯಾಂಕ್ ಯೂ’ ಎಂದು ಡ್ರೈವರಿಗೆ ಕೇಳುವ ಹಾಗೆ ಕೂಗಿ ಇಳಿಯುತ್ತಾರೆ. ಹಿಂದಿನ ಬಾಗಿಲಲ್ಲಿ ಇಳಿಯುವವರೂ ಕೂಗುತ್ತಾರೆ. ಬೆಂಗಳೂರಿನಲ್ಲಿ ನಾವು ಬಸ್ಸಿನಿಂದ ಇಳಿಯುವಾಗ ಕೂಗುವುದು ‘ರೀ, ಸ್ವಲ್ಪ ನಿಲ್ಸ್ರೀ, ಇನ್ನೂ ಕಾಲಿಟ್ಟಿಲ್ಲ’ ಎಂದು. ನಾನೂ ಕೂಗಿದೆ. ಮೈದಾನದ ಆಚೆ ತುದಿಗೆ ಕೇಳಿಸಿ ಅಭ್ಯಾಸವಾದ ದನಿ. ಬಸ್ಸಿನವರೆಲ್ಲ ಬೆಚ್ಚಿ ತಿರುಗಿದರು. ಡ್ರೈವರ್ ಮಾತ್ರ ಹಲ್ಲು ಬಿಟ್ಟು ಕೈಯೆತ್ತಿದ. ಇಂಥ ಕಡೆ ಬಸ್ ಓಡಿಸಿದ್ದರೆ ಆರ್ಥರ್‌ಗೂ ಸ್ವಲ್ಪ ಸಮಾಧಾನ ಇರುತ್ತಿತ್ತೇನೋ ಎನ್ನಿಸಿತು.

ಅನಘಾಳಿಗೆ ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಸೈಕಲ್ಲುಗಳ ನಡುವೆ ನಮ್ಮನ್ನು ನಡೆಸಿಕೊಂಡು ಹೋಗಿ ಕಾಫಿ ಅಂಗಡಿಯೊಂದರಲ್ಲಿ ಕೂರಿಸಿದಳು. ಬಕೆಟ್ಟಿನಂಥ ಲೋಟದಲ್ಲಿ ಕಾಫಿ ಬಂತು. ಅದನ್ನು ನಾವಿಬ್ಬರೂ ಹಂಚಿಕೊಂಡು ಮುಗಿಸುವುದರೊಳಗೆ ಅವಳು ಲ್ಯಾಪ್‌ಟಾಪಿನಲ್ಲಿ ಆರ್ಥರ್ ಹೆಸರು ಹುಡುಕಿ ಮುಗಿಸಿದ್ದಳು.

“ದೊಡ್ಡಮ್ಮ, ಹಿ ಈಸ್ ಹಿಯರ್. ಬಟ್ ಇಟ್ ಸೇಸ್ ಝೀರೋ. ನೋ ಮ್ಯಾಚಸ್, ನೋ ಗೋಲ್ಸ್.”

“ಒಂದು ಗೋಲು ಹೊಡೆದಿದಾರಲ್ಲೇ!”

“ದೋಸ್ ಗೇಮ್ಸ್ ಡೋಂಟ್ ಕೌಂಟ್.”

ನನಗೆ ಮೈಯೆಲ್ಲ ಉರಿಯಿತು. ಯುದ್ಧ ಬಂದರೆ ಆಟ ನಿಲ್ಲಿಸಲಿ, ಬೇಡವೆನ್ನುವವರಾರು? ಆಡಿದ ಆಟವನ್ನು ಆಡಿಲ್ಲ ಎನ್ನುವುದು ಯಾವ ನ್ಯಾಯ? ಒಬ್ಬ ಹುಡುಗ ಓಡಿದ್ದಾನೆ, ಒದ್ದಿದ್ದಾನೆ, ಜನ ಕುಣಿದಿದ್ದಾರೆ. ಅಲ್ಲಿ ಆ ಪರದೆಯ ಮೇಲೆ ಅವನ ಹೆಸರಿನ ಮುಂದೆ ಎರಡು ಸೊನ್ನೆ ಕೂತಿದ್ದವು. ಅನಘಾ ಪರದೆ ಮುಚ್ಚಿ, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದಳು: “ಜಸ್ಟ್ ಟೆಲ್ ಹರ್ ಯೆಸ್, ದೊಡ್ಡಮ್ಮ. ಇಟ್ ವಿಲ್ ಮೇಕ್ ಹರ್ ಹ್ಯಾಪಿ.”

“ನೋಡಕ್ಕ, ಅವಳೂ ಅದೇ ಹೇಳ್ತಾಳೆ,” ಎಂದಳು ವಿಮಲ. ಇಲ್ಲಿ ಹುಟ್ಟಿ ಬೆಳೆದ ಹುಡುಗಿ, ಇಲ್ಲಿ ಕಲಿಯದ ಬೆಂಗಳೂರಿನ ಗುಣವನ್ನು ತಾಯಿಯಿಂದ ಪಡೆದುಕೊಂಡಿದ್ದಾಳೆ.

ರೈಲಿನಲ್ಲಿ ಹಿಂದಿರುಗುವಾಗ ನಾನೂ ಹೂಂ ಎಂದುಬಿಡಲೇ ಎಂದು ಯೋಚಿಸಿದೆ. ಏನು ಖರ್ಚು? ‘ಹೌದು ತಾಯಿ, ನಿಮ್ಮಪ್ಪ ಹುಲಿ’ ಎಂದರೆ ಮುಗಿಯಿತು. ಆದರೆ ಆ ಮುಖ ಕಣ್ಣ ಮುಂದೆ ಬಂತು. ಹೊಗಳಿಕೆ ಬೇಕಿದ್ದರೆ ಅವರು ನನ್ನನ್ನೇ ಕಾಯಬೇಕಿರಲಿಲ್ಲ. ಅವರಿಗೆ ಬೇಕಾದದ್ದು ನಿಜ. ದಾರಿ ತಪ್ಪಿಸಿದರೆ ಮುಂದಿನ ತಿರುವಿನಲ್ಲಿ ಕೇಳಲು ಅವರಿಗೆ ಇನ್ನೊಬ್ಬರಿಲ್ಲ.

ಡುವಾಲ್

ಶನಿವಾರ ಡೋರತಿ ತಾವೇ ಕಾರು ಓಡಿಸಿದರು. ಪಕ್ಕದಲ್ಲಿ ನಾನು, ಹಿಂದೆ ವಿಮಲ. ಊರು ಕಳೆದು ಕಣಿವೆಗೆ ಇಳಿದ ಮೇಲೆ ಎರಡೂ ಕಡೆ ಹೊಲ, ಹಸು, ಮಂಜು. ಇಷ್ಟು ದೊಡ್ಡ ಹಸುಗಳು ಇಷ್ಟು ಶುಭ್ರವಾಗಿ ನಿಂತು ಮೇಯುವುದನ್ನು ನೋಡಿದರೆ, ನಮ್ಮ ಮಾರ್ಕೆಟ್ಟಿನ ಬಳಿ ರಟ್ಟಿನ ಡಬ್ಬಿ ತಿಂದು ಹಾಲು ಕೊಡುವ ಹಸುಗಳಿಗೆ ಒಂದು ಪ್ರಶಸ್ತಿಯನ್ನಾದರೂ ಕೊಡಬೇಕೆನ್ನಿಸಿತು. ಸಗಣಿಯ ವಾಸನೆ ಮಾತ್ರ ಎರಡೂ ಕಡೆ ಒಂದೇ.

ನಾನು ಹೇಳಿಬಿಟ್ಟೆ.

“ಡೋರತಿ, ನಿಮ್ಮಪ್ಪನ ವಿಷಯ ನನಗೆ ಏನೂ ಗೊತ್ತಿಲ್ಲ. ನಮ್ಮಪ್ಪ ಸೋಲ್ಜರುಗಳ ಜೊತೆ ಆಡುತ್ತಿದ್ದದ್ದು ಹೌದು, ಆದರೆ ಯಾರ ಹೆಸರನ್ನೂ ಹೇಳಿದವರಲ್ಲ. ನಿಮ್ಮ ಮನಸ್ಸು ನೋಯಬಾರದೆಂದು ನನ್ನ ತಂಗಿ ಹೌದು ಎಂದುಬಿಟ್ಟಳು.”

ಹಿಂದಿನ ಸೀಟಿನಲ್ಲಿ ವಿಮಲ ಕಿಟಕಿಯಾಚೆಯ ಹಸು ಎಣಿಸತೊಡಗಿದಳು. ಡೋರತಿ ವೈಪರಿನ ವೇಗ ಹೆಚ್ಚಿಸಿದರು.

“ಹೇಳಿದ್ದು ಒಳ್ಳೆಯದಾಯಿತು,” ಎಂದರು. “ಈ ವಯಸ್ಸಿನಲ್ಲಿ ಅಪ್ಪನ ಮಾತಿಗೆ ಸಾಕ್ಷಿ ಹುಡುಕುತ್ತಾ ಹೊರಟಿದ್ದೇನಲ್ಲ, ನನಗೇ ನಾಚಿಕೆಯಾಗಬೇಕು.” ಹಾಗೆನ್ನುತ್ತಾ ಕನ್ನಡಿಯಲ್ಲಿ ವಿಮಲಳನ್ನು ನೋಡಿ ನಗಲು ಪ್ರಯತ್ನಿಸಿದರು.

ಮೈದಾನದಲ್ಲಿ ಎರಡು ತಂಡಗಳು ಆಗಲೇ ಸೇರಿದ್ದವು. ಎಲ್ಲರೂ ಅಜ್ಜಂದಿರು, ಅಜ್ಜಿಯರು. ಇವರು ಆಡುವುದು ನಡಿಗೆ ಫುಟ್‌ಬಾಲ್. ಮಂಡಿ ಸವೆದವರಿಗಾಗಿ ಮಾಡಿದ ಆಟ. ಒದೆಯಬಹುದು, ತಡೆಯಬಹುದು, ಓಡುವಂತಿಲ್ಲ. ಓಡಿದರೆ ರೆಫರಿ ಸೀಟಿ ಊದಿ ಚೆಂಡನ್ನು ಎದುರಾಳಿಗೆ ಕೊಡುತ್ತಾನೆ. ಡೋರತಿಯ ತಂಡದಲ್ಲಿ ಒಬ್ಬರಿಗೆ ಸೊಂಟ ಹಿಡಿದು ಬಂದಿರಲಿಲ್ಲ. ಆ ಜಾಗಕ್ಕೆ ನನ್ನನ್ನು ಎಳೆದರು.

ಸಾವಿರಾರು ಹುಡುಗಿಯರಿಗೆ ‘ಓಡೇ, ಓಡು’ ಎಂದು ಕಿರುಚಿ ಬದುಕಿದವಳು ನಾನು. ಚೆಂಡು ಕಂಡ ಕೂಡಲೇ ಓಡಿದೆ. ಸೀಟಿ! ಕ್ಷಮೆ ಕೇಳಿ ನಿಂತೆ. ಮತ್ತೆ ಚೆಂಡು ಬಂತು, ಮತ್ತೆ ಓಡಿದೆ. ಸೀಟಿ! ಗಡ್ಡದ ರೆಫರಿ ಹತ್ತಿರ ಬಂದು, ‘ಮೇಡಂ, ಬಸ್ಸೇನೂ ಹೋಗಿಬಿಡುವುದಿಲ್ಲ, ನಿಧಾನ’ ಎಂದ. ಆಮೇಲೆ ನಡೆಯಲು ಹೋಗಿ ಒದ್ದೆ ಹುಲ್ಲಿನ ಮೇಲೆ ವಿಮಲಳ ವಾಕಿಂಗ್ ಶೂ ಜಾರಿ, ಚೂಡಿದಾರದ ಸಮೇತ ಕೆಸರಿನಲ್ಲಿ ಕೂತೆ. ಎದುರು ತಂಡದವರೂ ಓಡಿ ಬಂದು ಎತ್ತಿದರು. ಅದಕ್ಕೆ ಮಾತ್ರ ಸೀಟಿ ಊದಲಿಲ್ಲ. ಗಡಿಯಾಚೆ ನಿಂತು ವಿಮಲ ಬಿದ್ದು ಬಿದ್ದು ನಗುತ್ತಿದ್ದಳು.

ಅರ್ಧ ಆಟ ಮುಗಿದಾಗ ಬೆಂಚಿನ ಮೇಲೆ ಕೂತು ಶೂ ಕಿತ್ತೆಸೆದೆ. “ಇನ್ನು ಬರಿಗಾಲಲ್ಲೇ ಆಡುತ್ತೇನೆ. ನಾನು ಕಲಿತದ್ದೇ ಹಾಗೆ,” ಎಂದೆ.

“ಸುಮ್ಮನೆ ಬರಿಗಾಲಲ್ಲಿ ಇಳಿಯಬಾರದು,” ಎಂದು ಡೋರತಿ ಚೀಲದಿಂದ ಒಂದು ಸುರುಳಿ ಬಟ್ಟೆಪಟ್ಟಿ ತೆಗೆದರು. ನನ್ನ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಯ್ಯಯ್ಯೋ ಎಂದು ನಾನು ಎಳೆದುಕೊಂಡರೂ ಬಿಡಲಿಲ್ಲ. ಕಾಲ ಹರಡಿನ ಸುತ್ತ ಒಂದು ಸುತ್ತು, ಪಾದದ ಕೆಳಗಿನಿಂದ ಒಂದು, ಮೇಲೆ ಅಡ್ಡ ಹಾಯಿಸಿ ಮತ್ತೊಂದು. ಹಿಮ್ಮಡಿಯೂ ಬೆರಳೂ ಹೊರಗೆ. ಗಂಟು ಹೊರಮಗ್ಗುಲಿಗೆ. ಕಟ್ಟಿ ಮುಗಿಸಿ ನನ್ನ ಅಂಗಾಲಿಗೆ ಅಂಗೈಯಿಂದ ಫಟ್, ಫಟ್ ಎಂದು ಎರಡು ಏಟು ಕೊಟ್ಟರು.

ಅದು ಚಿಕ್ಕಂದಿನಲ್ಲಿ ನನ್ನ ಕಾಲಿಗೆ ಪಟ್ಟಿ ಕಟ್ಟಿ ನಮ್ಮಪ್ಪ ಕೊಡುತ್ತಿದ್ದ ಏಟು.

“ಇದನ್ನು ಯಾರು ಕಲಿಸಿದರು ನಿಮಗೆ?”

“ಅಪ್ಪ. ಹಿತ್ತಿಲಿನಲ್ಲಿ ನನಗೆ ಆಟ ಹೇಳಿಕೊಡುವಾಗ ಹೀಗೇ ಕಟ್ಟುತ್ತಿದ್ದರು. ಆ ಚಳಿಯಲ್ಲಿ ಮಗಳನ್ನು ಬರಿಗಾಲಲ್ಲಿ ನಿಲ್ಲಿಸುತ್ತಾರೆಂದು ಅಮ್ಮ ಕೂಗಾಡುತ್ತಿದ್ದಳು. ಯಾಕೆ?”

“ಆ ಏಟು?”

“ಅದೂ ಅಪ್ಪನದೇ. ಏಟು ಬೀಳದೆ ಏಳಬಾರದು ಅನ್ನುತ್ತಿದ್ದರು. ಅವರದೊಂದು ಹುಚ್ಚು.”

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ವಿಮಲಳೂ ಹತ್ತಿರ ಬಂದು ನಿಂತಿದ್ದಳು, ಅವಳ ಕಣ್ಣು ಆಗಲೇ ತುಂಬಿತ್ತು.

“ಅದು ಹುಚ್ಚಲ್ಲ. ನಮ್ಮ ಕೇರಿಯ ಪದ್ಧತಿ. ನಮ್ಮವರಿಗೆ ಬೂಟು ಇರಲಿಲ್ಲ, ಹೀಗೆ ಪಟ್ಟಿ ಕಟ್ಟಿಕೊಂಡೇ ಆಡುತ್ತಿದ್ದರು. ತನ್ನ ಕಾಲಿಗೆ ತಾನೇ ಕಟ್ಟಿಕೊಂಡರೆ ಬಿಗಿ ಬರುವುದಿಲ್ಲ. ಅದಕ್ಕೇ ಸಾಲಾಗಿ ಕೂತು ಒಬ್ಬರ ಕಾಲಿಗೆ ಇನ್ನೊಬ್ಬರು ಕಟ್ಟುವುದು, ಕಟ್ಟಿದವನು ಏಟು ಕೊಡುವುದು. ದೂರದಿಂದ ನೋಡಿದವರಿಗೆ ಪಟ್ಟಿ ಕಾಣಿಸೀತು, ಏಟಿನ ಕಟ್ಟಳೆ ಗೊತ್ತಾಗದು. ನಿಮ್ಮಪ್ಪ ಆ ಸಾಲಿನಲ್ಲಿ ಕೂತಿದ್ದಾರೆ, ಡೋರತಿ.”

ಅವರು ನನ್ನ ಕಾಲಿನ ಗಂಟನ್ನೇ ನೋಡಿದರು.

“ಇನ್ನೊಂದು ಕೇಳಿ. ಅಪ್ಪಿತಪ್ಪಿ ಯಾರಿಗಾದರೂ ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಎದುರು ಟೀಮಿನವನ ಕಾಲನ್ನು ನಮ್ಮವರು ತೊಡೆ ಮೇಲೆ ಇಟ್ಟುಕೊಳ್ಳುವುದಿಲ್ಲ. ಸೋಲ್ಜರ್ ಅಂತ ಹೆದರಿ ಬೂಟು ಉಜ್ಜಿಕೊಟ್ಟಾರು, ಆದರೆ ಹೆದರಿದವರು ಅಂಗಾಲಿಗೆ ಏಟು ಕೊಡುವುದಿಲ್ಲ. ಅದು ತಮ್ಮ ಟೀಮಿಗೆ ಸೇರಿಸಿಕೊಂಡವನಿಗೆ ಮಾತ್ರ. ಸೇರಿಸಿಕೊಳ್ಳುವುದೋ! ನಮ್ಮಪ್ಪ ಒಡಹುಟ್ಟಿದ ತಮ್ಮನನ್ನೇ ‘ನಿಂಗೆ ಆಟ ಬರಲ್ಲ, ಹೋಗೋ’ ಅಂತ ಆಚೆ ಕಳಿಸಿದವರು. ಆಟ ಬಾರದವನನ್ನು ದಾಕ್ಷಿಣ್ಯಕ್ಕೆ ಸೇರಿಸಿಕೊಂಡ ಚರಿತ್ರೆ ನಮ್ಮ ಕೇರಿಯಲ್ಲಿ ಇಲ್ಲ. ಬೇರೆ ಎಲ್ಲಾ ವಿಷಯಕ್ಕೂ ದಾಕ್ಷಿಣ್ಯ ಉಂಟು, ಫುಟ್‌ಬಾಲಿಗೆ ಮಾತ್ರ ಇಲ್ಲ. ನಿಮ್ಮಪ್ಪ ಚೆನ್ನಾಗಿ ಆಡುತ್ತಿದ್ದರು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.”

“ನಿಮ್ಮಪ್ಪನೇ ಕಟ್ಟಿದ್ದರಾ?”

“ಅದು ಗೊತ್ತಿಲ್ಲ,” ಎಂದೆ. “ನಮ್ಮಪ್ಪನೋ, ಪಕ್ಕದಲ್ಲಿ ಕೂತಿದ್ದವರೋ.”

“ಯಾರೋ ಒಬ್ಬರ ಅಪ್ಪ,” ಎಂದು ಡೋರತಿ ಬೆಂಚಿಗೆ ಒರಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಕೈ ತೆಗೆದಾಗ ನೋಡಿದರೆ ನಗುತ್ತಿದ್ದರು, ಕೆನ್ನೆ ಮಾತ್ರ ಒದ್ದೆಯಾಗಿತ್ತು. ನನಗೂ ಅಳು, ನಗು ಎರಡೂ ಒಟ್ಟಿಗೇ ಬಂದವು. ವಿಮಲ ತನ್ನ ದುಪಟ್ಟಾದ ಒಂದು ತುದಿಯನ್ನು ನನಗೆ, ಇನ್ನೊಂದು ತುದಿಯನ್ನು ಡೋರತಿಗೆ ಕೊಟ್ಟಳು.

ರೆಫರಿ ಕರೆದ. ಎಲ್ಲರೂ ಏಳತೊಡಗಿದರು. ಡೋರತಿ ಮಾತ್ರ ಏಳದೆ, ಬಗ್ಗಿ ತಮ್ಮ ಬೂಟು, ಕಾಲುಚೀಲ ಕಳಚಿದರು. ಒಳಗೆ ಎರಡೂ ಕಾಲಿಗೆ ಅದೇ ಪಟ್ಟಿ, ಸಡಿಲವಾಗಿ ಜಾರಿಕೊಂಡಿತ್ತು.

“ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ನಾನೇ ಕಟ್ಟಿಕೊಳ್ಳುತ್ತಿದ್ದೇನೆ,” ಎಂದರು. “ಯಾಕೆ ನಿಲ್ಲುವುದಿಲ್ಲ ಎಂದು ಇವತ್ತು ಗೊತ್ತಾಯಿತು.” ಎಂದವರೇ ಹಳೆಯ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟು, ಕಾಲನ್ನು ನನ್ನ ತೊಡೆಯ ಮೇಲಿಟ್ಟರು.

ನಾನು ಕಟ್ಟಿದೆ. ಹರಡಿನ ಸುತ್ತ, ಪಾದದ ಕೆಳಗೆ, ಮೇಲೆ ಅಡ್ಡಕ್ಕೆ. ಬಿಗಿಯಾಯಿತೇ ಎಂದು ಕೇಳಿದೆ. ಇನ್ನೂ ಸ್ವಲ್ಪ ಎಂದರು. ಎಳೆದು ಗಂಟು ಹಾಕಿ, ಎರಡೂ ಅಂಗಾಲಿಗೆ ಫಟ್ ಫಟ್ ಎಂದು ಕೊಟ್ಟೆ. ಆಮೇಲೆ ಇಬ್ಬರೂ ಮೈದಾನಕ್ಕೆ ಇಳಿದೆವು. ಚೆಂಡು ಅವರ ಕಡೆ ಉರುಳಿತು, ಡೋರತಿ ಓಡಿದರು. ಅವರ ಜೊತೆ ನಾನೂ ಓಡಿದೆ. ರೆಫರಿ ಸೀಟಿ ಊದುತ್ತಲೇ ಇದ್ದ.